ಏರಿಯಾ ಸೇಫಾ?

ಯಾವ ಏರಿಯಾದಲ್ಲಿ ಎಷ್ಟು ಅಪರಾಧ ಅನ್ನೋ ಪಟ್ಟಿಯೊಂದು ಫೋನಿಂದ ಫೋನಿಗೆ ಓಡಾಡುತ್ತಿದೆ. ಮಾರ್ಕೆಟ್ ಇರುವ ಏರಿಯಾಗೇ ಮೊದಲ ಸ್ಥಾನ. ಬರಲೇಬೇಕಲ್ವಾ? ಲೆಕ್ಕ ಹಾಕುವುದು ಅಲ್ಲಿ ವಾಸ ಇರುವವರ ಮೇಲೆ, 1 ಲಕ್ಷ ಜನಕ್ಕೆ ಇಷ್ಟು ಕೇಸ್ ಅಂತ. ಹಗಲು ಬಂದು ಹೋಗುವವರು ಆ ಜನಸಂಖ್ಯೆಯಲ್ಲಿ ಇಲ್ಲ, ಅವರು ಕಳಕೊಂಡ ಪರ್ಸು, ಫೋನು ಮಾತ್ರ ಕೇಸುಗಳಲ್ಲಿವೆ! ಇನ್ನು ಕೆಲವು ಕಡೆ ಜನ ದೂರು ಕೊಡೋಕೇ ಹೋಗಲ್ಲ. ಪಟ್ಟಿಯಲ್ಲಿ ಅಂಥ ಏರಿಯಾ ತಣ್ಣಗೆ ಕೆಳಗಿರುತ್ತದೆ. ನನಗೆ ಬೇಕಾದ್ದು ಎಂಥ ಅಪರಾಧ, ಯಾವ ಹೊತ್ತಲ್ಲಿ ಅನ್ನೋದು. ಬೈಕ್ ಕಳ್ಳತನ, ಹೊಡೆದಾಟ, ಕೊಲೆ ಎಲ್ಲ ಕೂಡಿಸಿ ಸುಮ್ನೆ ಒಂದು ಅಂಕಿ ಕೊಟ್ಟರೆ, ರಾತ್ರಿ ಒಂಬತ್ತಕ್ಕೆ ಬಸ್ಸಿಳಿದು ಒಬ್ಬಳೇ ನಡೆದು ಬರಬಹುದಾ ಅಂತ ಹೇಗೆ ಗೊತ್ತಾಗಬೇಕು?