ಶ್ರೀಮಂತ ದೃಷ್ಟಿಗುಣ

ಶುಲ್ಕ ಕಟ್ಟಿ ತರಿಸಿಕೊಂಡ ಉತ್ತರ ಪತ್ರಿಕೆಯ ನಕಲನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದವನು ನಾಲ್ಕನೆಯ ಪುಟಕ್ಕೆ ಬಂದಾಗ ತಡೆದು ನಿಂತೆ. ‘ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ’ (ಒಂದೇ ವಸ್ತುವನ್ನು ಹೆಚ್ಚು ಹೆಚ್ಚು ಬಳಸಿದಂತೆ ಅದರಿಂದ ಸಿಗುವ ಹೆಚ್ಚುವರಿ ತೃಪ್ತಿ ಇಳಿಯುತ್ತದೆ ಎಂಬ ಅರ್ಥಶಾಸ್ತ್ರದ ನಿಯಮ) ಎಂದಿರಬೇಕಾದ ಕಡೆ ‘ಇಳಿಮುಖ ಶ್ರೀಮಂತ ದೃಷ್ಟಿಗುಣ ನಿಯಮ’ ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು. ಒಂದು ಕಡೆಯಲ್ಲ, ಎರಡು ಪುಟಗಳುದ್ದಕ್ಕೂ ಹಾಗೆಯೇ. ಹತ್ತು ಅಂಕದ ಆ ಪ್ರಶ್ನೆಗೆ ಮೌಲ್ಯಮಾಪಕರು ಮೂರು ಅಂಕ ಕೊಟ್ಟಿದ್ದರು. ಅವರನ್ನು ದೂರುವಂತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಬಹುಶಃ ಎರಡು ಕೊಡುತ್ತಿದ್ದೆ.

ಆ ಉತ್ತರವನ್ನು ಹೇಳಿ ಬರೆಸಿದ್ದ ವಿದ್ಯಾರ್ಥಿನಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ನಮ್ಮದು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಆಕೆ ಬಿ.ಎ. ಮೊದಲ ವರ್ಷದಲ್ಲಿದ್ದಳು, ನಾನು ಅರ್ಥಶಾಸ್ತ್ರದ ಅಧ್ಯಾಪಕ. ಆಕೆಯನ್ನು ಕರೆಸಿ ಆ ಸಾಲುಗಳನ್ನು ಇದ್ದದ್ದು ಇದ್ದಂತೆ ಓದಿ ಹೇಳಿದಾಗ ಮೊದಲು ನಕ್ಕಳು. “ಶ್ರೀಮಂತರ ದೃಷ್ಟಿಗುಣ ನಂಗೆಲ್ಲಿ ಗೊತ್ತಾಗ್ಬೇಕು ಸರ್” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಬರೆದದ್ದನ್ನ ಒಂದ್ಸಲ ಓದಿ ಹೇಳು ಅಂತ ಕೇಳಿದ್ದೆ. ಅಷ್ಟು ಟೈಮ್ ಇಲ್ಲ ಅಂದ್ಬಿಟ್ರು” ಎಂದು ಸೇರಿಸಿದಳು.

ಆ ಪರೀಕ್ಷೆಯ ದಿನ ನಡೆದದ್ದರಲ್ಲಿ ನನ್ನ ಪಾಲು ಸಣ್ಣದಲ್ಲ. ಸ್ಕ್ರೈಬ್, ಅಂದರೆ ಆಕೆ ಹೇಳಿದ್ದನ್ನು ಬರೆದುಕೊಡುವವರ ವ್ಯವಸ್ಥೆ ಮಾಡುವ ಜವಾಬ್ದಾರಿಯನ್ನು ಪ್ರಾಂಶುಪಾಲರು ನನಗೆ ಒಪ್ಪಿಸಿದ್ದರು. ಪಕ್ಕದ ಪದವಿಪೂರ್ವ ಕಾಲೇಜಿಗೆ ಒಂದು ಪತ್ರ ಬರೆದು, ದ್ವಿತೀಯ ಪಿಯುಸಿಯ ಒಬ್ಬ ಹುಡುಗಿಯ ಹೆಸರು ಪಡೆದು, ವಿಶ್ವವಿದ್ಯಾಲಯದ ಅನುಮತಿ ತರಿಸಿ ಕಡತದಲ್ಲಿಟ್ಟ ಮೇಲೆ ನನ್ನ ಕೆಲಸ ಮುಗಿಯಿತೆಂದೇ ತಿಳಿದಿದ್ದೆ. ಪರೀಕ್ಷೆಯ ಬೆಳಿಗ್ಗೆ ಒಂಬತ್ತು ಗಂಟೆ ದಾಟಿದ ಮೇಲೆ ಆ ಹುಡುಗಿಗೆ ಜ್ವರವೆಂದು ಫೋನ್ ಬಂತು. ಹತ್ತಕ್ಕೆ ಪ್ರಶ್ನೆಪತ್ರಿಕೆ. ಓಡಿಹೋಗಿ ಕೈಗೆ ಸಿಕ್ಕ ಒಬ್ಬ ಹುಡುಗನನ್ನು ಕರೆದುಕೊಂಡು ಬಂದೆ. ಅವನು ಪ್ರಥಮ ಪಿಯುಸಿ ವಿಜ್ಞಾನದವನು, ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ, ಹೆಚ್ಚು ಅಂಕ ಬರುತ್ತದೆಂದು ಭಾಷೆಗೆ ಸಂಸ್ಕೃತ ತೆಗೆದುಕೊಂಡಿದ್ದ. ಕನ್ನಡವನ್ನು ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಿದ್ದನೇ ಹೊರತು ಬರೆದು ಎಷ್ಟು ಕಾಲವಾಗಿತ್ತೋ. ಪಾಪ, ಅವನು ಕೇಳಿಸಿದ್ದನ್ನು ಕೇಳಿಸಿದ ಹಾಗೆ ಪ್ರಾಮಾಣಿಕವಾಗಿ ಬರೆದಿದ್ದ. ಸೀಮಾಂತ ಎಂಬ ಪದವನ್ನು ಜೀವಮಾನದಲ್ಲಿ ಕೇಳದವನ ಕಿವಿಗೆ ಅದು ಶ್ರೀಮಂತ ಎಂದು ಬಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಸಾಲದ್ದಕ್ಕೆ, ಬೇರೆಯವರಿಗೆ ತೊಂದರೆಯಾಗಬಾರದೆಂದು ಅವರಿಬ್ಬರನ್ನೂ ವರಾಂಡದ ತುದಿಯಲ್ಲಿದ್ದ, ಮುರಿದ ಬೆಂಚುಗಳನ್ನು ಪೇರಿಸಿಟ್ಟ ಕೊಠಡಿಯಲ್ಲಿ ಕೂರಿಸಿದ್ದೆವು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯವಿದೆ ಎಂಬುದು ಕೊಠಡಿ ಮೇಲ್ವಿಚಾರಕರಿಗೆ ತಿಳಿದಿರಲಿಲ್ಲ. ಅವರು ತಮ್ಮ ಅಂದಾಜಿನ ಪ್ರಕಾರ ಅರ್ಧ ಗಂಟೆ ಕೊಟ್ಟು ಉತ್ತರ ಪತ್ರಿಕೆ ತೆಗೆದುಕೊಂಡುಬಿಟ್ಟರು. ನಾನು ಆಗ ಊಟಕ್ಕೆ ಹೋಗಿದ್ದೆ.

ಆ ದಿನ ರಾತ್ರಿಯಲ್ಲ, ನಕಲು ಬಂದ ದಿನ ರಾತ್ರಿ ಕುಳಿತು ನಿಯಮಗಳನ್ನು ಓದಿದೆ. ಓದುವುದಕ್ಕೆ ಅಷ್ಟು ತಡವಾದದ್ದೇ ನನ್ನ ತಪ್ಪಿನ ಅಳತೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಪಠ್ಯಕ್ರಮದಲ್ಲೂ ಪರೀಕ್ಷಾ ಪದ್ಧತಿಯಲ್ಲೂ ಬೇಕಾದ ಮಾರ್ಪಾಡು ಮಾಡಬೇಕೆಂದು ಹೇಳಿ, ಹೆಚ್ಚುವರಿ ಸಮಯ ಮತ್ತು ಲಿಪಿಕಾರರ ಸೌಲಭ್ಯವನ್ನು ಹೆಸರಿಸಿಯೇ ಸೇರಿಸಿದೆ. ಕೇಂದ್ರ ಸರ್ಕಾರ 2018ರ ಆಗಸ್ಟ್ 29ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇನ್ನೂ ವಿವರವಾಗಿತ್ತು: ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಕೊಡಬೇಕು, ಪರೀಕ್ಷಾ ಸಂಸ್ಥೆಯೇ ಸ್ಕ್ರೈಬ್ ಒದಗಿಸುವುದಾದರೆ ಅವರು ಅಭ್ಯರ್ಥಿಗೆ ಹೊಂದುತ್ತಾರೋ ಇಲ್ಲವೋ ಎಂದು ನೋಡಿಕೊಳ್ಳಲು 2 ದಿನ ಮೊದಲೇ ಭೇಟಿಗೆ ಅವಕಾಶವಿರಬೇಕು, ತುರ್ತು ಸಂದರ್ಭದಲ್ಲಿ ಬದಲಾಯಿಸುವುದಕ್ಕೂ, ಬೇರೆ ಬೇರೆ ವಿಷಯಕ್ಕೆ ಬೇರೆ ಬೇರೆ ಸ್ಕ್ರೈಬ್ ಇಟ್ಟುಕೊಳ್ಳುವುದಕ್ಕೂ ಆಸ್ಪದವಿರಬೇಕು. ಆ ಎರಡು ದಿನಗಳ ಮಾತು ಅಲ್ಲಿ ಯಾಕಿದೆ ಎಂಬುದು ‘ಶ್ರೀಮಂತ ದೃಷ್ಟಿಗುಣ’ವನ್ನು ಓದಿದ ಮೇಲೆ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮುಂದಿನ ಸೆಮಿಸ್ಟರಿನಲ್ಲಿ ತಿದ್ದಿಕೊಳ್ಳಬೇಕಾದದ್ದು ಪರೀಕ್ಷೆಯನ್ನು ಮಾತ್ರವಲ್ಲ, ನನ್ನ ಪಾಠವನ್ನೂ ಎಂದು ತಿಳಿದದ್ದು ಒಂದು ತರಗತಿಯಲ್ಲಿ. ಹಲಗೆಯ ಮೇಲೆ ಬೇಡಿಕೆ ಮತ್ತು ಪೂರೈಕೆಯ ರೇಖೆಗಳನ್ನು ಬರೆದು, ಹದಿನೈದು ವರ್ಷಗಳಿಂದ ಹೇಳುತ್ತಾ ಬಂದ ಹಾಗೆ, “ಇಲ್ಲಿ ನೋಡಿ, ಇದು ಹೀಗೆ ಇಳಿಯುತ್ತೆ, ಅದು ಹೀಗೆ ಏರುತ್ತೆ, ಇಲ್ಲಿ ಸೇರುತ್ತೆ” ಎಂದೆ. ಮುಂದಿನ ಬೆಂಚಿನಿಂದ ಆಕೆ ಕೈಯೆತ್ತಿ, “‘ಇಲ್ಲಿ’ ಅಂದ್ರೆ ಎಲ್ಲಿ ಸರ್?” ಎಂದು ಕೇಳಿದಳು. ತರಗತಿ ನಕ್ಕಿತು, ಆಕೆ ನಗಲಿಲ್ಲ. ಅಂದಿನಿಂದ ‘ಇಲ್ಲಿ’, ‘ಹೀಗೆ’, ‘ಇದು’ ಎಂಬ ಮೂರು ಪದಗಳನ್ನು ಹಲಗೆಯ ಮುಂದೆ ಆಡದಿರಲು ಪ್ರಯತ್ನಿಸುತ್ತಿದ್ದೇನೆ. “ಲಂಬ ಅಕ್ಷದ ಮೇಲ್ತುದಿಯ ಹತ್ತಿರ ಆರಂಭವಾಗುವ ಬೇಡಿಕೆ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತಾ ಬರುತ್ತದೆ” ಎಂದು ಪೂರ್ತಿ ವಾಕ್ಯದಲ್ಲಿ ಹೇಳುವುದು ಎಷ್ಟು ಕಷ್ಟವೆಂಬುದನ್ನು ಹೇಳಿ ನೋಡಿದವರೇ ಬಲ್ಲರು. ಹಿಂದಿನ ಬೆಂಚಿನ ಒಬ್ಬ ಹುಡುಗ, ಈಗ ಗ್ರಾಫ್ ಅರ್ಥವಾಗುತ್ತಿದೆ ಎಂದು ಬಂದು ಹೇಳಿದ. ಇಷ್ಟು ವರ್ಷ ನೋಡಿಯೂ ಅವನಂಥವರಿಗೆ ಏನು ಕಂಡಿರಲಿಲ್ಲವೋ.

ಮಾತು ಸಾಲದ ಕಡೆ ಕೈಗೆ ಕೊಡಬೇಕಾಯಿತು. ನನ್ನ ಹೆಂಡತಿ ಹೊಲಿಗೆ ಹಾಕುವವಳು. ರಟ್ಟಿನ ಮೇಲೆ ಎರಡು ಅಕ್ಷಗಳಿಗೆ ಐಸ್‌ಕ್ರೀಮ್ ಕಡ್ಡಿಗಳನ್ನೂ, ಬೇಡಿಕೆ ರೇಖೆಗೆ ದಪ್ಪ ಉಲ್ಲನ್ ದಾರವನ್ನೂ, ಪೂರೈಕೆ ರೇಖೆಗೆ ನುಣುಪಾದ ರೇಷ್ಮೆ ದಾರವನ್ನೂ ಅಂಟಿಸಿ, ಎರಡೂ ಸಂಧಿಸುವ ಜಾಗದಲ್ಲಿ ಒಂದು ಷರ್ಟಿನ ಗುಂಡಿ ಕೂರಿಸಿಕೊಟ್ಟಳು. ವಿದ್ಯಾರ್ಥಿನಿ ಬಲಗೈಯ ತೋರುಬೆರಳನ್ನು ಒಂದು ದಾರದ ಮೇಲೂ ಎಡಗೈಯದನ್ನು ಇನ್ನೊಂದರ ಮೇಲೂ ಒಟ್ಟಿಗೆ ಜಾರಿಸುತ್ತಾ ಬಂದು, ಎರಡೂ ಬೆರಳು ಗುಂಡಿಗೆ ತಾಗಿದಾಗ “ಸಮತೋಲನ ಬೆಲೆ” ಎಂದಳು. ಬೇಡಿಕೆ ಹೆಚ್ಚಾದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ, ಉಲ್ಲನ್ ದಾರವನ್ನು ಕಿತ್ತು ಬಲಕ್ಕೆ ಸರಿಸಿ ಅಂಟಿಸಬೇಕಾಗುತ್ತದೆ, ಗುಂಡಿ ಮೇಲಕ್ಕೆ ಹೋಗುತ್ತದೆ ಎಂದಳು. ಅದಕ್ಕಿಂತ ಸರಿಯಾದ ಉತ್ತರವನ್ನು ನಾನು ಕೇಳಿಲ್ಲ.

ನೋಟ್ಸಿನ ಕತೆ ಬೇರೆ. ವರ್ಷಗಳಿಂದ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿಟ್ಟಿದ್ದ ನೂರಾರು ಪುಟಗಳನ್ನು ಬಹಳ ಉದಾರವಾಗಿ ಆಕೆಗೆ ಕೊಟ್ಟಿದ್ದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ತೆರೆಯ ಮೇಲಿರುವುದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ಆದರೆ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಆ ಕಡತಗಳಲ್ಲಿ ನಮ್ಮ ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಪದ ಯಂತ್ರದ ಪಾಲಿಗೆ ಕೇವಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಆಕೆ ಇಯರ್‌ಫೋನ್ ತೆಗೆದು ನನ್ನ ಕಿವಿಗೆ ಕೊಟ್ಟಳು: ಪಿ, ಪೌಂಡ್, ಕ್ಯೂ ಎಂದೇನೋ ಒದರುತ್ತಿತ್ತು. ಆರು ತಿಂಗಳು ಆಕೆ ಆ ಪೆನ್ ಡ್ರೈವನ್ನು ಹೊತ್ತು ತಿರುಗಿದ್ದಳು. ಕೊಟ್ಟ ಮೇಷ್ಟ್ರಿಗೆ ಬೇಸರವಾಗಬಾರದೆಂದು ಹೇಳಿರಲಿಲ್ಲವಂತೆ. ಪರಿವರ್ತಕದಲ್ಲಿ ಹಾಕಿ ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿ, ಅಲ್ಲಲ್ಲಿ ಕೆಟ್ಟ ಒತ್ತಕ್ಷರಗಳನ್ನು ತಿದ್ದಿಕೊಡಲು ನನಗೆ ಒಂದು ದಸರಾ ರಜೆ ಹಿಡಿಯಿತು. ಪಠ್ಯಪುಸ್ತಕದ ಅಧ್ಯಾಯಗಳನ್ನು ಸಹಪಾಠಿಗಳು ಸರದಿಯಲ್ಲಿ ಓದಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದರು. ಒಬ್ಬಳ ಧ್ವನಿಯ ಹಿಂದೆ ಕುಕ್ಕರ್ ಕೂಗುವುದೂ ಕೇಳುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡದ್ದು ನಾವ್ಯಾರೂ ವಿದ್ಯೆಯೆಂದೇ ತಿಳಿಯದಿದ್ದ ಒಂದು ವಿದ್ಯೆ, ಹೇಳಿ ಬರೆಸುವುದು. ವಿಷಯ ಗೊತ್ತಿರುವವರಿಗೆಲ್ಲ ಅದು ಬರುವುದಿಲ್ಲ. ಬರೆಯುವವನು ಹಿಂದಿನ ಸಾಲಿನಲ್ಲಿರುವಾಗ ಹೇಳುವವರ ಮನಸ್ಸು ಮೂರು ಸಾಲು ಮುಂದೆ ಓಡಿರುತ್ತದೆ. ಹೇಳಿದ ವಾಕ್ಯ ಎಲ್ಲಿಗೆ ನಿಂತಿತ್ತೆಂದು ತಿರುಗಿ ನೋಡಲು ಆಕೆಗೆ ಪುಟವೇ ಇಲ್ಲ. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಒಬ್ಬ ಸಹಪಾಠಿಯನ್ನು ಎದುರು ಕೂರಿಸಿಕೊಂಡು ಅಭ್ಯಾಸ ಮಾಡತೊಡಗಿದಳು. ಉತ್ತರದ ಅಂಶಗಳನ್ನು ಮೊದಲೇ ಎಡಗೈಯ ಬೆರಳುಗಳಿಗೆ ಹಂಚಿ, ಒಂದೊಂದು ಮುಗಿದಂತೆ ಆ ಬೆರಳನ್ನು ಮಡಚುವ ಉಪಾಯವನ್ನು ತಾನೇ ಕಂಡುಕೊಂಡಳು. ಪ್ಯಾರಾ ಎಲ್ಲಿ ಬದಲಾಗಬೇಕು, ಎಲ್ಲಿ ಅಡಿಗೆರೆ ಎಳೆಯಬೇಕು ಎಂಬುದನ್ನೂ ಹೇಳುವುದು ರೂಢಿಯಾಯಿತು. ಪಾರಿಭಾಷಿಕ ಪದ ಬಂದಾಗ ಕಾಗುಣಿತ ಹೇಳಿಬಿಡಬೇಕೆಂದು ನಾನು ಸೂಚಿಸಿದಾಗ ಒಂದು ತೊಡಕು ಎದುರಾಯಿತು. ಬ್ರೈಲಿನಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಒಂದರ ಪಕ್ಕ ಒಂದು ಬರುತ್ತವೆ. ಟಕಾರದ ಒತ್ತು ಷಕಾರದ ಕಾಲ ಬಳಿ ಕೂರುತ್ತದೆ ಎಂಬುದನ್ನು ಆಕೆ ತನ್ನ ಅಂಗೈಯ ಮೇಲೆ ಗೆಳತಿಯಿಂದ ಬರೆಸಿಕೊಂಡು ಕಲಿತಳು. “ತ ಕೊಂಬು ತು, ಷ ಗುಡಿಸು ಷಿ, ಟ ಒತ್ತು” ಎಂದು ಕಾಗುಣಿತ ಒಪ್ಪಿಸುವ ಆಕೆಯ ಧ್ವನಿ ವರಾಂಡಕ್ಕೆಲ್ಲ ಕೇಳುತ್ತಿತ್ತು.

ಸರ್ಕಾರಿ ಕಾಗದಗಳಲ್ಲಿ ಆಕೆಯನ್ನು ‘ವಿಕಲಚೇತನ ವಿದ್ಯಾರ್ಥಿನಿ’ ಎಂದು ಬರೆಯುತ್ತೇವೆ. ಗೌರವಕ್ಕೆಂದೇ ಬಳಕೆಗೆ ಬಂದ ಪದ. ಅರ್ಜಿಯೊಂದನ್ನು ಓದಿ ಹೇಳುತ್ತಿದ್ದಾಗ ಆಕೆ ನಡುವೆ ತಡೆದು, “ಚೇತನ ಸರಿಯಾಗೇ ಇದೆ ಸರ್, ಕಣ್ಣು ಕಾಣಲ್ಲ ಅಷ್ಟೇ” ಎಂದಿದ್ದಳು. ಬದಲಿ ಪದ ನನಗೂ ಹೊಳೆದಿಲ್ಲ, ಈ ಬರಹದಲ್ಲಿ ಆದಷ್ಟು ಕಣ್ಣು ಕಾಣದವಳೆಂದೇ ಬರೆದಿದ್ದೇನೆ.

ಆಕೆಯ ನೆಪದಲ್ಲಿ ಇನ್ನೊಬ್ಬನೂ ಕಣ್ಣಿಗೆ ಬಿದ್ದ. ಕೇಳಿದರೆ ಬಾಯಲ್ಲಿ ಅಚ್ಚುಕಟ್ಟಾಗಿ ಉತ್ತರಿಸುವ, ಪೆನ್ನು ಹಿಡಿದರೆ ಬೆರಳು ಸೆಟೆದುಕೊಂಡು ಅರ್ಧ ಪುಟಕ್ಕೆ ಬಸವಳಿಯುವ ಹುಡುಗ. ಸೋಮಾರಿ ಎಂದು ನಾನೇ ಎಷ್ಟೋ ಸಲ ಬೈದಿದ್ದೆ. ಪ್ರಮಾಣಪತ್ರದಲ್ಲಿ ಶೇಕಡಾ 40 ಅಂಗವೈಕಲ್ಯ ಇಲ್ಲದಿದ್ದರೆ ಸ್ಕ್ರೈಬ್ ಇಲ್ಲ ಎಂದು ಕಚೇರಿಯಲ್ಲಿ ಹೇಳಿದರು. ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, 40ರ ಮಿತಿಯನ್ನು ಹೀಗೆ ಅಡ್ಡ ಇಡಬಾರದೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲೇ ತೀರ್ಪು ಕೊಟ್ಟಿತ್ತು. ಅದರ ಪ್ರತಿಯನ್ನು ಅರ್ಜಿಯ ಜೊತೆಗಿಟ್ಟು ಕಳಿಸಿದ ಮೇಲೆ ಅವನ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು. ಅದು ಇನ್ನೂ ನಡೆಯುತ್ತಿರುವ ಕತೆ.

ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಇಬ್ಬರು ಸ್ಕ್ರೈಬ್‌ಗಳ ಹೆಸರನ್ನು ಕಳಿಸಿದ್ದೆ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿರಲಿ ಎಂದು. ಎರಡು ದಿನ ಮೊದಲು ಕನ್ನಡ ಮಾಧ್ಯಮದ, ಕಲಾ ವಿಭಾಗದ ಪಿಯು ಹುಡುಗನೊಬ್ಬ ಬಂದ. ಆಕೆ ಅವನಿಗೆ ಮೂವತ್ತು ಪದಗಳ ಉಕ್ತಲೇಖನ ಕೊಟ್ಟು, ಒಂದೊಂದನ್ನೂ ಅಕ್ಷರ ಅಕ್ಷರವಾಗಿ ತಿರುಗಿ ಓದಿಸಿದಳು. ‘ತುಷ್ಟಿಗುಣ’ ಆ ಪತ್ರಿಕೆಯಲ್ಲಿ ಬರುವ ಸಾಧ್ಯತೆಯೇ ಇರಲಿಲ್ಲ, ಆದರೂ ಮೊದಲ ಪದ ಅದೇ ಆಗಿತ್ತು.

ಪರೀಕ್ಷೆಯ ದಿನ ಊಟಕ್ಕೆ ಹೋಗದೆ ವರಾಂಡದಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ಒಂದು ಗಂಟೆಗೆ ಗಂಟೆ ಬಾರಿಸಿ, ಎಲ್ಲರೂ ಹೋದ ಮೇಲೆ ಅಟೆಂಡರ್ ಬೀಗದ ಕೈ ಗೊಂಚಲು ಅಲುಗಾಡಿಸುತ್ತಾ ಬಂದು ಬಾಗಿಲಲ್ಲಿ ನಿಂತು, “ಮುಗೀತೇನಮ್ಮಾ?” ಎಂದರು. “ಇಲ್ಲಣ್ಣ, ಎರಡು ಗಂಟೆವರೆಗೂ ಇದೆ” ಎಂದು ಒಳಗಿನಿಂದ ಉತ್ತರ ಬಂತು. ಅವರು ಪಕ್ಕದ ಮೆಟ್ಟಿಲ ಮೇಲೆ ಕುಳಿತು ಬೀಡಿ ಹುಡುಕಿಕೊಂಡರು. ಎರಡಕ್ಕೆ ಒಂಬತ್ತು ನಿಮಿಷವಿದ್ದಾಗ ಹೇಳಿ ಬರೆಸುವ ಧ್ವನಿ ನಿಂತಿತು. ಕಾಗದ ಮಡಚುವ ಸದ್ದು ಬರಬಹುದೆಂದು ನಾನು ಎದ್ದು ನಿಂತೆ.

“ಇನ್ನೂ ಟೈಮಿದೆ ತಮ್ಮಾ,” ಎಂದಳು ಆಕೆ. “ಆರನೇ ಉತ್ತರ ಮೊದಲಿಂದ ಓದು.”