ಚೀಟಿ ಹೇಳಿದ್ದು, ಮೀಟರ್ ತೋರಿಸಿದ್ದು

ನಾನು ಕಟ್ಟಿರುವ ಸ್ಟೀರಿಯೋ ಆಂಪ್ಲಿಫೈಯರಿನಲ್ಲಿ ಇರುವುದು ನಾಲ್ಕೇ ವಾಲ್ವುಗಳು, ಅಂದರೆ ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ನಿರ್ವಾತ ಕೊಳವೆಗಳು. ಎರಡೂ ಚಾನೆಲ್ಲುಗಳ ಮೊದಲ ಹಂತವನ್ನು ಅರ್ಧರ್ಧ ಹಂಚಿಕೊಂಡ ಒಂದು ಇಸಿಸಿ83, ಚಾನೆಲ್ಲಿಗೊಂದರಂತೆ ಎರಡು ಇಎಲ್84, ವಿದ್ಯುತ್ ಪೂರೈಕೆಗೆ, ಎಸಿಯನ್ನು ಏಕಮುಖ ವಿದ್ಯುತ್ತಾಗಿಸುವ ಒಂದು ಇಜಡ್81 ರೆಕ್ಟಿಫೈಯರ್. ನಕ್ಷೆ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಬೆಸುಗೆಯ ಕೆಲಸ ಹೆಚ್ಚೆಂದರೆ ಎರಡು ದಿನದ್ದು. ಹೀಗಿದ್ದರೂ ಅದು ಹಾಡತೊಡಗಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ಹೋದದ್ದು ಭಾಗಗಳನ್ನು ಹುಡುಕುವುದರಲ್ಲಿ ಮತ್ತು, ಅದಕ್ಕಿಂತ ಹೆಚ್ಚಾಗಿ, ಸಿಕ್ಕ ಭಾಗಗಳು ತಮ್ಮ ಮೈಮೇಲಿನ ಚೀಟಿಯಲ್ಲಿ ಬರೆದಂತೆಯೇ ಇವೆಯೇ ಎಂದು ಅಳೆದು ನೋಡುವುದರಲ್ಲಿ.

ಇಎಲ್84 ಅನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳವಾಗಿದೆ. 1950ರ ದಶಕದ ರೇಡಿಯೋಗಳಲ್ಲಿ ಧಾರಾಳವಾಗಿ ಬಳಕೆಯಾದ ಒಂಬತ್ತು ಪಿನ್ನುಗಳ ಈ ಪುಟ್ಟ ಪೆಂಟೋಡ್ (ಐದು ಎಲೆಕ್ಟ್ರೋಡುಗಳ ವಾಲ್ವು) 250 ವೋಲ್ಟಿನಲ್ಲಿ ತೃಪ್ತಿಯಿಂದ ಕೆಲಸ ಮಾಡುತ್ತದೆ, ಮತ್ತು ಸಂಕೇತ ಒಳಹೋಗುವ ಗ್ರಿಡ್ಡಿಗೆ ನಾಲ್ಕೈದು ವೋಲ್ಟ್ ಸಂಕೇತ ಸಿಕ್ಕರೆ ಪೂರ್ಣ ಶಕ್ತಿ ಕೊಡುತ್ತದೆಯಾದ್ದರಿಂದ ಅದರ ಮುಂದೆ ಒಂದೇ ಒಂದು ಟ್ರಯೋಡ್ (ಮೂರು ಎಲೆಕ್ಟ್ರೋಡುಗಳ ವಾಲ್ವು) ಹಂತವಿದ್ದರೆ ಸಾಕು. ಒಂಟಿ ವಾಲ್ವಿನಿಂದ ಬರುವ ಶಕ್ತಿ ಐದು ವಾಟಿನ ಆಸುಪಾಸು. ಇಷ್ಟೇನಾ ಎಂದು ಕೇಳುವವರಿದ್ದಾರೆ. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಕೊಡುವ ಸ್ಪೀಕರ್ ನಾಲ್ಕು ವಾಟಿಗೆ 96 ಡೆಸಿಬೆಲ್ ಕೊಡುತ್ತದೆ. ಅಷ್ಟು ಸದ್ದಿನ ನಡುವೆ ಕೋಣೆಯಲ್ಲಿ ಯಾರೂ ಮಾತನಾಡಲಾರರು.

ವಾಲ್ವುಗಳಿಗಿಂತ ಮೊದಲು, ವಾಲ್ವಿಗೂ ಸ್ಪೀಕರಿಗೂ ನಡುವೆ ಕೂರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ವಿಚಾರ ಹೇಳಬೇಕು, ಏಕೆಂದರೆ ಇಂಥ ಆಂಪ್ಲಿಫೈಯರಿನ ಸ್ವರ ನಿರ್ಧಾರವಾಗುವುದು ಬಹುಪಾಲು ಅದರಲ್ಲಿಯೇ. ಇಎಲ್84, ವರ್ಧಿಸಿದ ಸಂಕೇತ ಹೊರಬರುವ ತನ್ನ ಪ್ಲೇಟಿನ ಎದುರು ಸುಮಾರು 5,000 ಓಂ ಭಾರವನ್ನು ಬಯಸುತ್ತದೆ, ಸ್ಪೀಕರಿನಲ್ಲಿ ಇರುವುದು 8 ಓಂ. ಓಮುಗಳ ಅನುಪಾತ ಸುರುಳಿಗಳ ಅನುಪಾತದ ವರ್ಗವಾದ್ದರಿಂದ, ಇವೆರಡನ್ನು ಹೊಂದಿಸಲು ಸುರುಳಿಗಳ ಅನುಪಾತ 25ಕ್ಕೆ 1 ಆಗಿರಬೇಕು. ಅದರ ಜೊತೆಗೆ, ಒಂಟಿ ವಾಲ್ವಿನ ವಿನ್ಯಾಸದಲ್ಲಿ ಏಕಮುಖ ವಿದ್ಯುತ್ ಸದಾಕಾಲ ವಾಲ್ವಿನ ಬದಿಯ ಪ್ರಾಥಮಿಕ ಸುರುಳಿಯಲ್ಲಿ ಹರಿಯುವುದರಿಂದ ಕೋರಿನ ಕಬ್ಬಿಣ ಸ್ಯಾಚುರೇಟ್ ಆಗದಂತೆ, ಅಂದರೆ ಕಾಂತತೆಯಿಂದ ತುಂಬಿಹೋಗದಂತೆ, ಅದರಲ್ಲಿ ಸಣ್ಣದೊಂದು ಗಾಳಿಯ ಅಂತರ ಬಿಟ್ಟಿರಬೇಕು. ಎರಡು ವಾಲ್ವುಗಳು ಜೋಡಿಯಾಗಿ ದುಡಿಯುವ ಪುಷ್-ಪುಲ್ ಆಂಪ್ಲಿಫೈಯರಿನಿಂದ ಕಿತ್ತ ಟ್ರಾನ್ಸ್‌ಫಾರ್ಮರಿನಲ್ಲಿ ಈ ಅಂತರವಿರುವುದಿಲ್ಲ. ಅದನ್ನು ಇಲ್ಲಿ ಹಾಕಿದರೆ ಮಂದ್ರ ಸ್ವರಗಳು ಸೊರಗಿಬಿಡುತ್ತವೆ.

ನನಗೆ ಸಿಕ್ಕ ಜೋಡಿಯ ಮೇಲೆ 5ಕೆ, ಅಂದರೆ 5,000 ಓಂ, ಎಂದು ಬರೆದಿತ್ತು. 8 ಓಂ ಬದಿಗೆ 6.3 ವೋಲ್ಟ್ ಎಸಿ ಕೊಟ್ಟು ಇನ್ನೊಂದು ಬದಿಯನ್ನು ಅಳೆದಾಗ ಮೀಟರ್ 145 ವೋಲ್ಟ್ ತೋರಿಸಿತು. (ಹೀಗೆ ಅಳೆಯುವವರು ನೆನಪಿಡಬೇಕು: ಈ ಕಡೆ ಕೊಡುವುದು ಆರೇ ವೋಲ್ಟಾದರೂ ಆ ಕಡೆ ಹೊಡೆತ ಕೊಡುವಷ್ಟು ವೋಲ್ಟೇಜ್ ಇರುತ್ತದೆ.) ಅನುಪಾತ 23, ಅದರ ವರ್ಗ 529, ಎಂಟರಿಂದ ಗುಣಿಸಿದರೆ 4,200 ಓಮಿನ ಮೇಲೆ ಚೂರು. ಇಎಲ್84 ಇದನ್ನು ಸಹಿಸಿಕೊಳ್ಳುತ್ತದೆಯಾದ್ದರಿಂದ ಅವನ್ನು ಹಿಂದಿರುಗಿಸಲಿಲ್ಲ. ಚೀಟಿಯ ಮೇಲಿನ ನಂಬಿಕೆ ಮಾತ್ರ ಅಲ್ಲಿಗೇ ಮುಗಿಯಿತು.

ವಾಲ್ವುಗಳಲ್ಲಿ ಒಂದು, ಗಾಜಿನ ನೆತ್ತಿಯ ಬೆಳ್ಳಿ ಲೇಪ ಹಾಲಿನಂತೆ ಬಿಳುಪಾಗಿಯೇ ಪೊಟ್ಟಣದಿಂದ ಹೊರಬಂತು. ಗೆಟರ್ ಎನ್ನುವ ಆ ಲೇಪ ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳಲೆಂದೇ ಇರುವಂಥದ್ದು; ಅದು ಬಿಳುಪಾಗಿದ್ದರೆ ಗಾಜು ಬಿರುಕು ಬಿಟ್ಟು ಗಾಳಿ ಒಳಹೊಕ್ಕಿದೆ ಎಂದರ್ಥ, ಮೀಟರಿನ ಅಗತ್ಯವೂ ಇಲ್ಲ. ಜೋಡಿ ಹೊಂದಿಸಿದ ವಾಲ್ವುಗಳೆಂದು ಹೆಚ್ಚು ದುಡ್ಡು ಕೇಳುವವರಿಗೆ ಒಂಟಿ ವಾಲ್ವಿನ ವಿನ್ಯಾಸದವರು ಕಿವಿಗೊಡಬೇಕಾಗಿಲ್ಲ.

ಭಾಗಗಳನ್ನು ಕೂರಿಸುವ ಲೋಹದ ಚಾಸಿಗೆ ತೂತು ಕೊರೆಯುವ ಮೊದಲು ಮಾಡಿದ ಒಂದು ಪ್ರಯೋಗ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹಿಡಿಸಿತು. ಪವರ್ ಟ್ರಾನ್ಸ್‌ಫಾರ್ಮರನ್ನು ಒಂಟಿಯಾಗಿ ಚಾಲೂ ಮಾಡಿ, ಅದರ ಪಕ್ಕದಲ್ಲಿ ಯಾವುದಕ್ಕೂ ಜೋಡಿಸದ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನಿಟ್ಟು, ಅದರ 8 ಓಂ ತಂತಿಗಳಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತೆ. ತಂತಿಯ ಸಂಪರ್ಕವೇ ಇಲ್ಲದಿದ್ದರೂ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮೆಲ್ಲಗೆ ತಿರುಗಿಸುತ್ತ ಹೋದಂತೆ ಸದ್ದು ಇಳಿದು, ಎರಡರ ಕೋರುಗಳು ಒಂದಕ್ಕೊಂದು ಲಂಬವಾಗುವ ಹೊತ್ತಿಗೆ ಬಹುತೇಕ ಅಳಿಸಿಹೋಗಿ, ಅದನ್ನು ದಾಟಿದೊಡನೆ ಮತ್ತೆ ಏರಿತು. ಆ ಮೌನದ ಜಾಗದಲ್ಲೇ ಪೆನ್ಸಿಲಿನಿಂದ ಗುರುತು ಮಾಡಿ ತೂತು ಕೊರೆದೆ.

ಪವರ್ ಟ್ರಾನ್ಸ್‌ಫಾರ್ಮರ್ ಹಳೆಯ ವಾಲ್ವ್ ಉಪಕರಣವೊಂದರಿಂದ ಬಂದದ್ದು. ಅದರಲ್ಲಿ 250-0-250 ವೋಲ್ಟಿನ ಸುರುಳಿಯೊಂದು, 6.3 ವೋಲ್ಟಿನ ಸುರುಳಿಗಳು ಎರಡು. ಸಿಲಿಕಾನ್ ಡಯೋಡ್ ಹಾಕಿದ್ದರೆ ಶಿಖರ ವೋಲ್ಟೇಜ್ 353ರವರೆಗೆ ಹೋಗುತ್ತಿತ್ತು, ಅದು ಇಎಲ್84ಗೆ ಅತಿಯಾಯಿತು. ಇಜಡ್81 ತನ್ನೊಳಗೆ ಒಂದಿಷ್ಟು ವೋಲ್ಟೇಜನ್ನು ತಿಂದುಕೊಳ್ಳುತ್ತದೆ, ಅದರ ನಂತರದ ಚೋಕ್ ಎಂಬ ತಂತಿಸುರುಳಿ ಇನ್ನೊಂದಿಷ್ಟನ್ನು ತಿನ್ನುತ್ತದೆ. ಕೊನೆಗೆ ನನಗೆ ಉಳಿದದ್ದು 268 ವೋಲ್ಟ್. ಹಳೆಯ ಕಾಲದ ಮೋಹಕ್ಕಾಗಿ ರೆಕ್ಟಿಫೈಯರ್ ವಾಲ್ವ್ ಹಾಕಿದ್ದೇನೆಂದು ಭಾವಿಸುವವರಿಗಾಗಿ ಈ ಲೆಕ್ಕ. ಹಾಗೆಂದು ಫಿಲ್ಟರ್ ಕೆಪ್ಯಾಸಿಟರುಗಳನ್ನು 300 ವೋಲ್ಟಿನವೆಂದು ಆರಿಸುವಂತಿಲ್ಲ. ಔಟ್‌ಪುಟ್ ವಾಲ್ವುಗಳು ಬಿಸಿಯೇರಿ ವಿದ್ಯುತ್ ಎಳೆಯತೊಡಗುವ ಮುನ್ನ ವೋಲ್ಟೇಜ್ ಆ ಶಿಖರದ ಹತ್ತಿರ ಹೋಗಬಲ್ಲದು, ಆದ್ದರಿಂದ 450 ವೋಲ್ಟಿನವೇ ಬೇಕು.

ಅದೇ ಟ್ರಾನ್ಸ್‌ಫಾರ್ಮರಿನ ಮೇಲೆ 220 ವೋಲ್ಟ್ ಎಂದಿತ್ತು, ಗೋಡೆಯ ಸಾಕೆಟ್ಟಿನಲ್ಲಿದ್ದದ್ದು 235. ಹಾಗಾಗಿ ವಾಲ್ವುಗಳನ್ನು ಒಳಗಿನಿಂದ ಕಾಯಿಸುವ ಹೀಟರುಗಳಿಗೆ 6.3ರ ಬದಲು 6.7 ವೋಲ್ಟ್ ಹೋಗುತ್ತಿತ್ತು. ಎರಡು ಇಎಲ್84 ತಲಾ 0.76 ಆಂಪಿಯರ್, ಇಸಿಸಿ83 0.3 ಆಂಪಿಯರ್, ಒಟ್ಟು 1.82; ದಾರಿಯಲ್ಲಿ 0.22 ಓಮಿನ ರೆಸಿಸ್ಟರೊಂದನ್ನು ಕೂರಿಸಿದ್ದರಿಂದ ಆ ಹೆಚ್ಚುವರಿ 0.4 ವೋಲ್ಟ್ ಇಳಿಯಿತು.

ಮೊದಲ ಸಲ ವಿದ್ಯುತ್ ಕೊಡುವಾಗ 60 ವಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿದ್ದೆ. ಎಲ್ಲಿಯಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಬದುಕಿಕೊಳ್ಳುತ್ತದೆ. ಸ್ಪೀಕರಿನ ಜಾಗದಲ್ಲಿ 8 ಓಮಿನ ದಪ್ಪ ರೆಸಿಸ್ಟರುಗಳಿದ್ದವು. ಭಾರವಿಲ್ಲದೆ ಸಂಕೇತ ಕೊಟ್ಟರೆ ಪ್ರಾಥಮಿಕ ಸುರುಳಿಯಲ್ಲಿ ಏಳುವ ವೋಲ್ಟೇಜ್ ಅದರ ನಿರೋಧಕ ಪದರವನ್ನೇ ಸೀಳಬಹುದು. ಅಳೆಯುವಾಗ ಒಂದು ಕೈ ಸದಾ ಬೆನ್ನ ಹಿಂದೆ. ಆರಿಸಿದ ಮೇಲೂ ಅವಸರವಿಲ್ಲ: 147 ಮೈಕ್ರೋಫ್ಯಾರಡ್ ಕೆಪ್ಯಾಸಿಟರುಗಳು 220 ಕಿಲೋಓಮಿನ ಬ್ಲೀಡರ್ ರೆಸಿಸ್ಟರಿನ ಮೂಲಕ ಖಾಲಿಯಾಗಲು ಸುಮಾರು ಎರಡೂಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತವೆ, ಆಮೇಲೂ ಮೀಟರ್ ಇಟ್ಟು ನೋಡದೆ ನಾನು ಕೈಹಾಕುವುದಿಲ್ಲ.

ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಅದನ್ನು ತೆಗೆದು ನೇರ ವಿದ್ಯುತ್ ಕೊಟ್ಟು ಇಎಲ್84ಗಳ ಕ್ಯಾಥೋಡ್ ರೆಸಿಸ್ಟರುಗಳ ಮೇಲಿನ ವೋಲ್ಟೇಜ್ ಅಳೆದೆ; ವಾಲ್ವಿನ ಮೂಲಕ ಎಷ್ಟು ವಿದ್ಯುತ್ ಹರಿಯುತ್ತಿದೆ ಎಂದು ಅದರಿಂದ ತಿಳಿಯುತ್ತದೆ. ಎರಡೂ 135 ಓಮಿನವೇ, ಎಡಗಡೆ 7.5 ವೋಲ್ಟ್, ಬಲಗಡೆ 8.6. ವಾಲ್ವುಗಳನ್ನು ಅದಲುಬದಲು ಮಾಡಿದರೂ ಬಲಗಡೆಯ ಅಂಕಿ ಕದಲಲಿಲ್ಲವಾದ್ದರಿಂದ ತಪ್ಪು ವಾಲ್ವಿನದಲ್ಲ ಎಂದಾಯಿತು. ಶೂನ್ಯವಿರಬೇಕಾದ ಬಲಗಡೆಯ ಗ್ರಿಡ್ಡಿನಲ್ಲಿ 1.8 ವೋಲ್ಟ್ ಧನ ವೋಲ್ಟೇಜ್ ಕುಳಿತಿತ್ತು. ಇಎಲ್84 ಅನ್ನು ಸಾಕೆಟ್ಟಿನಿಂದ ಕಿತ್ತರೂ ಅದು ಹಾಗೆಯೇ ಉಳಿಯಿತು. ಉಳಿದ ಆರೋಪಿ ಒಬ್ಬನೇ, ಮೊದಲ ಹಂತದ 170 ವೋಲ್ಟನ್ನು ತಡೆದು ಸಂಕೇತವನ್ನಷ್ಟೇ ದಾಟಿಸಬೇಕಾದ ಕಪ್ಲಿಂಗ್ ಕೆಪ್ಯಾಸಿಟರ್.

ಅದು ಹಳೆಯ ಕಾಗದದ ಕೆಪ್ಯಾಸಿಟರ್. ಅಂಥವುಗಳ ಸ್ವರ ಮಧುರವೆಂಬ ಮಾತಿಗೆ ಮರುಳಾಗಿ ನಾನೇ ಹುಡುಕಿ ತಂದದ್ದು. ಬಿಚ್ಚಿ ಓಂ ಅಳತೆಗೆ ಹಿಡಿದರೆ ಮೀಟರ್ ಏನನ್ನೂ ತೋರಿಸಲಿಲ್ಲ, ಎಂದರೆ ಕೆಪ್ಯಾಸಿಟರ್ ಚೆನ್ನಾಗಿದೆ ಎಂದೇ ಹೇಳಿತು. ಕಾಗದದ ಮೇಲೆ ಲೆಕ್ಕ ಹಾಕಿದಾಗ ಒಗಟು ಬಿಡಿಸಿತು. 470 ಕಿಲೋಓಮಿನ ಗ್ರಿಡ್ ರೆಸಿಸ್ಟರಿನ ಮೇಲೆ 1.8 ವೋಲ್ಟ್ ನಿಲ್ಲಬೇಕಾದರೆ ಹರಿಯಬೇಕಾದದ್ದು ನಾಲ್ಕು ಮೈಕ್ರೋಆಂಪಿಯರಿಗೂ ಕಡಿಮೆ, ಅಂದರೆ ಸೋರಿಕೆಯ ದಾರಿಯ ರೆಸಿಸ್ಟೆನ್ಸ್ ಸುಮಾರು 44 ಮೆಗಾಓಂ. ನನ್ನ ಮೀಟರಿನ ಓಂ ಅಳತೆಯ ಮಿತಿ 20 ಮೆಗಾಓಂ, ಅದೂ ತನ್ನ ಪುಟ್ಟ ಬ್ಯಾಟರಿಯ ಬಲದಲ್ಲಿ. ಅಷ್ಟು ಸಣ್ಣ ಸೋರಿಕೆಯಿಂದಲೇ ಆ ವಾಲ್ವು 12 ವಾಟಿನ ಮಿತಿಯನ್ನು ದಾಟಿ 14 ವಾಟಿನಲ್ಲಿ ಬೇಯುತ್ತಿತ್ತು, ಪ್ಲೇಟು ಮಾತ್ರ ಕೆಂಪಾಗದೆ ಏನೂ ಆಗದಂತೆ ಕುಳಿತಿತ್ತು. ಎರಡೂ ಕಡೆ 630 ವೋಲ್ಟಿನ ಪಾಲಿಪ್ರಾಪಿಲೀನ್ ಕೆಪ್ಯಾಸಿಟರುಗಳನ್ನು ಹಾಕಿದೆ, ಬಲಗಡೆಯೂ 7.5ಕ್ಕೆ ಇಳಿಯಿತು. ಮಧುರ ಸ್ವರ ಎಲ್ಲಿಗೂ ಹೋದಂತೆ ನನಗೆ ಅನ್ನಿಸಲಿಲ್ಲ.

ಆಮೇಲೂ ಲೆಕ್ಕ ಸರಿಹೋಗಿರಲಿಲ್ಲ. 7.5 ವೋಲ್ಟನ್ನು 135ರಿಂದ ಭಾಗಿಸಿದರೆ 55 ಮಿಲಿಆಂಪಿಯರ್. ವಾಲ್ವಿನೊಳಗಿನ ಇನ್ನೊಂದು ಎಲೆಕ್ಟ್ರೋಡಾದ ಸ್ಕ್ರೀನಿನ ಪಾಲನ್ನು ಕಳೆದರೆ ಪ್ಲೇಟಿಗೆ 50. ಅದನ್ನು ಪ್ಲೇಟಿನ ಮೇಲಿನ 250 ವೋಲ್ಟಿನಿಂದ ಗುಣಿಸಿದರೆ 12.5 ವಾಟ್. ನಕ್ಷೆ ಹೇಳಿದ 135 ಓಂ ಸರಿಯಾದದ್ದೇ, ಆದರೆ ಅದು 250 ವೋಲ್ಟಿನ ಪೂರೈಕೆಗೆ ಹೇಳಿದ್ದು, ನನ್ನದು 268. ರೆಸಿಸ್ಟರನ್ನು 180 ಓಮಿಗೆ ಏರಿಸಿದಾಗ ವೋಲ್ಟೇಜ್ 8.4ಕ್ಕೆ ಬಂದು, ಪ್ಲೇಟಿನ ಮೇಲಿನ ಹೊರೆ ಹತ್ತೂವರೆ ವಾಟಿಗೆ ಇಳಿಯಿತು. ಹೊಸ ವಾಲ್ವುಗಳು ಸುಲಭವಾಗಿ ಸಿಗದ ಕಾಲದಲ್ಲಿ ಶಕ್ತಿ ಒಂದಿಷ್ಟು ಕಡಿಮೆಯಾದರೂ ವಾಲ್ವಿನ ಆಯುಸ್ಸು ಹೆಚ್ಚಾಗುವುದೇ ನನಗೆ ಬೇಕು.

ಕೊನೆಯಲ್ಲಿ ಉಳಿದದ್ದು ನೆಗೆಟಿವ್ ಫೀಡ್‌ಬ್ಯಾಕ್. ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ದೂರವಾಣಿ ಮಾರ್ಗಗಳಿಗಾಗಿ ಕಂಡುಕೊಂಡ ಈ ಉಪಾಯದಲ್ಲಿ ಔಟ್‌ಪುಟ್ಟಿನ ಒಂದಂಶವನ್ನು ತಿರುವುಮುರುವಾಗಿ ಮೊದಲ ಹಂತಕ್ಕೆ ಹಿಂದಿರುಗಿಸುತ್ತಾರೆ. ವರ್ಧನೆ ಇಳಿಯುತ್ತದೆ, ಜೊತೆಗೆ ವಿರೂಪವೂ ಇಳಿಯುತ್ತದೆ. ವರ್ಧನೆ ಕಾಲುಭಾಗಕ್ಕೆ ಇಳಿಯುವಷ್ಟು, ಅಂದರೆ 12 ಡೆಸಿಬೆಲ್ ಕೊಟ್ಟೆ. ಟ್ರಾನ್ಸ್‌ಫಾರ್ಮರಿನ ತಂತಿಗಳ ಬಣ್ಣವನ್ನು ನಂಬಿ ಜೋಡಿಸಿದ್ದರಿಂದ ಎಡ ಚಾನೆಲ್ ಚಾಲೂ ಮಾಡಿದೊಡನೆ ಊಳಿಟ್ಟಿತು. ಪ್ರಾಥಮಿಕ ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿದ ಮೇಲೆ ಸುಮ್ಮನಾಯಿತು. ಸ್ಪೀಕರಿಗೆ ಕಿವಿ ತಾಗಿಸಿದರೆ ಬಲ ಚಾನೆಲ್ಲಿನಲ್ಲಿ ಮಾತ್ರ ತೆಳುವಾದ ಗುಂಯ್ ಇನ್ನೂ ಉಳಿದಿತ್ತು. ಹೀಟರಿನ ಎರಡು ಬದಿಗಳಿಂದ ಗ್ರೌಂಡಿಗೆ ಹಾಕಿದ್ದ 100 ಓಮಿನ ಎರಡು ರೆಸಿಸ್ಟರುಗಳನ್ನು ತೆಗೆದು, ಆ ಜಾಗದಲ್ಲಿ 200 ಓಮಿನ ಪೊಟೆನ್ಶಿಯೋಮೀಟರ್ ಕೂರಿಸಿ ನಡುವಿನಿಂದ ಸ್ವಲ್ಪ ಎಡಕ್ಕೆ ತಿರುಗಿಸಿದಾಗ ಅದೂ ಕೇಳದಂತಾಯಿತು.