ರಸೀದಿಯ ಹಿಂದೆ ಬರೆದ 4

ಇವತ್ತು ಕೊಡಚಾದ್ರಿಗೆ ಹೋಗಿದ್ದೆವು. ಗೇಟಿನಲ್ಲಿ ಶುಲ್ಕ ಕಟ್ಟಿದೆವು. ಅರಣ್ಯ ಇಲಾಖೆಯ ವಾಚರ್ ಅಣ್ಣ ರಸೀದಿ ಕೊಡುವ ಮೊದಲು ಚೀಲ ಬಿಚ್ಚಿಸಿದರು. ನೀರಿನ ಬಾಟ್ಲಿ ಎಣಿಸಿದರು. ರಸೀದಿಯ ಹಿಂದೆ ಪೆನ್ನಿನಲ್ಲಿ ‘4’ ಅಂತ ಬರೆದರು.

"ಇಳಿದು ಬರುವಾಗ ನಾಲ್ಕೂ ತೋರಿಸಿ, ಆಯ್ತಾ?"

ಅಷ್ಟೇ. ಆದರೆ ದಾರಿಯುದ್ದಕ್ಕೂ ಆ 4 ತಲೆಯಲ್ಲೇ ಇತ್ತು.

ಜೊತೆಗಿದ್ದ ಚಿಕ್ಕಪ್ಪನಿಗೆ ಬೇಜಾರು. "ನಮ್ಮ ಗುಡ್ಡಕ್ಕೆ ನಾವೇ ದುಡ್ಡು ಕೊಡಬೇಕಾ?" ಅಂದರು. ತಪ್ಪು ಅಂತ ಹೇಳಲಾರೆ. ಈ ಕಾಡಿನ ಅಂಚಿನಲ್ಲೇ ಉಪ್ಪಾಗೆ ಹಣ್ಣು ಆರಿಸಿ, ದರಗು (ಉದುರಿದ ಒಣ ಎಲೆ) ಗುಡಿಸಿ ಬೆಳೆದವರು ಅವರು. ಊರಿನವರಿಗೂ ಬೆಂಗಳೂರಿನಿಂದ ಟೆಂಟ್ ಹೊತ್ತು ಬರುವವರಿಗೂ ಒಂದೇ ದರ ಇರಬಾರದು ಅಂತ ನನಗೂ ಅನ್ನಿಸುತ್ತದೆ.

ಆದರೆ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಮುಗಿಬಿದ್ದಿದ್ದು ನೆನಪಿದೆ ಅಲ್ವಾ? ಆಮೇಲೇ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಿಗಿಯಾಗಿದ್ದು. 1343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಲ್ಲಿ ಜಾಗ ಎಷ್ಟಿದೆ? ಸರ್ವಜ್ಞ ಪೀಠ ಅನ್ನುವ ಪುಟ್ಟ ಕಲ್ಲಿನ ಗುಡಿ, ಸುತ್ತ ಒಂದಿಷ್ಟು ಹುಲ್ಲು. ಜಾಸ್ತಿ ತುಳಿದರೆ ಬೇರು ಎದ್ದು ಬರುತ್ತದೆ. ಮಳೆಗಾಲಕ್ಕೆ ಮಣ್ಣು ಕೊಚ್ಚಿ ಹೋಗುತ್ತದೆ.

ದುಡ್ಡು ಕೊಡುವುದಕ್ಕೆ ನನಗೆ ಬೇಸರವಿಲ್ಲ. ಅದು ಆ ವಾಚರ್ ಅಣ್ಣನ ಸಂಬಳಕ್ಕೆ ಹೋಗಲಿ, ದಾರಿಗೆ ಹೋಗಲಿ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯಕ್ಕೆ ಹೋಗಲಿ. ಎಷ್ಟು ಬಂತು, ಎಲ್ಲಿ ಹೋಯ್ತು ಅಂತ ಗೇಟಿನಲ್ಲೇ ಒಂದು ಬೋರ್ಡ್ ಹಾಕಲಿ.

ಇಳಿದು ಬಂದಾಗ ನಮ್ಮ ಚೀಲದಲ್ಲಿ 11 ಬಾಟ್ಲಿ ಇದ್ದವು. ಹೆಚ್ಚಿನ ಏಳನ್ನೂ ದಾರಿಯಲ್ಲಿ ಹೆಕ್ಕಿದವರು ಚಿಕ್ಕಪ್ಪ.